ಸಾಹೇಬರು ಬಂದರು, ಜವಾನ ಬಂದ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಮೇಲೆ ನನ್ನದೊಂದು ತಕರಾರಿದೆ. ಸರ್ಕಾರಿ ಕಚೇರಿಯ ಸುದ್ದಿ ಬರೆಯುವಾಗ ಅಧಿಕಾರಿ ‘ಬಂದರು’, ‘ಹೇಳಿದರು’ ಅಂತ ಬರೆಯುತ್ತೀರಿ. ಅದೇ ಸುದ್ದಿಯಲ್ಲಿ ಬಾಗಿಲ ಬೀಗ ತೆಗೆದ ಜವಾನ ಮಾತ್ರ ‘ಬಂದ’, ‘ತೆಗೆದ’. ವಯಸ್ಸಿನಲ್ಲಿ ಅವರು ಸಾಹೇಬರಿಗಿಂತ ದೊಡ್ಡವರೇ ಇರಬಹುದು, ನಿವೃತ್ತಿ ಹತ್ತಿರ ಬಂದಿರಬಹುದು, ಮೊಮ್ಮಕ್ಕಳಿರಬಹುದು, ಆದರೂ ಏಕವಚನವೇ. ಲಂಚ ತಿಂದು ಸಿಕ್ಕಿಬಿದ್ದ ಅಧಿಕಾರಿಗೂ ‘ಅವರು’ ಬಿಡುವುದಿಲ್ಲ ನೀವು! ನೀವೊಬ್ಬರೇ ಅಲ್ಲ ಬಿಡಿ, ಬೇರೆ ಪತ್ರಿಕೆಗಳಲ್ಲೂ ಇದನ್ನು ನೋಡಿದ್ದೇನೆ.

ಇಂಗ್ಲಿಷಿನಲ್ಲಿ ‘ನೇವ್’ ಅಂತ ಒಂದು ಪದವಿದೆ. ಮೊದಲು ಅದಕ್ಕೆ ಹುಡುಗ ಅಂತಷ್ಟೇ ಅರ್ಥ. ಜರ್ಮನ್ನರ ‘ಕ್ನಾಬೆ’ ಇವತ್ತಿಗೂ ಹುಡುಗನೇ. ಇಂಗ್ಲಿಷಿನಲ್ಲಿ ಮಾತ್ರ ಅದು ಮನೆಗೆಲಸದ ಹುಡುಗ ಆಯಿತು, ಆಮೇಲೆ ಆಳು, ಕೊನೆಗೆ ಮೋಸಗಾರ. ಆಳುಗಳೆಲ್ಲ ಒಮ್ಮೆಲೇ ಕಳ್ಳರಾಗಿಬಿಟ್ಟರಾ? ಇಲ್ಲ. ಧಣಿಗಳು ಬೈದು ಬೈದೇ ಪದ ಕೆಟ್ಟಿತು ಅಂತ ನನ್ನ ಅನಿಸಿಕೆ. ಇಸ್ಪೀಟಿನಲ್ಲಿ ನಾವು ಗುಲಾಮ ಅನ್ನುವ ಎಲೆಗೂ ಅವರಲ್ಲಿ ನೇವ್ ಅಂತಲೇ ಹೆಸರಿತ್ತು, ಜ್ಯಾಕ್ ಅನ್ನುವುದು ಆಮೇಲೆ ರೂಢಿಗೆ ಬಂತು. ಮಜಾ ಏನೆಂದರೆ, ಕುದುರೆ ಏರಿದ ವೀರನಿಗೆ ಹೇಳುವ ‘ನೈಟ್’ (knight) ಅನ್ನುವ ಪದವೂ ಹಳೆಯ ಇಂಗ್ಲಿಷಿನಲ್ಲಿ ಹುಡುಗ, ಆಳು ಅಂತಲೇ ಇದ್ದದ್ದು. ಆ ಆಳು ಕುದುರೆ ಹತ್ತಿ ದೊರೆಯ ಪರ ಯುದ್ಧಕ್ಕೆ ಹೋದ, ಮುಂದೆ ‘ಸರ್’ ಅನ್ನಿಸಿಕೊಂಡ.

ನಮ್ಮಲ್ಲಿ ಇವೆರಡೂ ಒಂದೇ ಪದದಲ್ಲಿವೆ ನೋಡಿ. ಪಾರಸಿಯಲ್ಲಿ ಜವಾನ್ ಅಂದರೆ ಹರೆಯದವನು. ಗಡಿಯಲ್ಲಿ ನಿಂತರೆ ವೀರ ಜವಾನ, ಅವರಿಗೆ ಕೈಮುಗಿಯುತ್ತೇವೆ. ಕಚೇರಿಯ ಬಾಗಿಲಲ್ಲಿ ನಿಂತರೆ ‘ಏ, ಚಹಾ ತಗೊಂಡು ಬಾ’. ನಮ್ಮ ಕಡೆ ಹಳಬರು ಚಪರಾಸಿ ಅನ್ನುತ್ತಾರೆ. ಚಪರಾಸ್ ಅಂದರೆ ಪಟ್ಟಿಗೆ ಹಾಕುವ ಬಿಲ್ಲೆ, ಅಂದರೆ ಸರ್ಕಾರದ ಗುರುತು ತೊಟ್ಟವನು, ಅದರಲ್ಲಿ ಕೀಳೇನೂ ಇರಲಿಲ್ಲ. ಪ್ಯೂನ್ ಪೋರ್ಚುಗೀಸರ ಕಡೆಯಿಂದ ಬಂತು, ಅದೂ ಕಾಲಾಳು ಸಿಪಾಯಿಯೇ. ಈಗ ಗ್ರೂಪ್ ಡಿ ನೌಕರ. ಹೆಸರು ಇಷ್ಟು ಸಲ ಬದಲಾದರೂ ‘ಬಂದ’ ಹೋಗಿ ‘ಬಂದರು’ ಆಗಲಿಲ್ಲ.

ಇದನ್ನು ಕಲಬುರಗಿಯಲ್ಲಿ ಕೂತು ಬರೆಯುವಾಗ ಇನ್ನೂ ಚುಚ್ಚುತ್ತದೆ. ಊರಿನ ದೊಡ್ಡ ದರ್ಗಾ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರದು. ಬಂದಾ ಅಂದರೆ ದಾಸ. ದಾಸರನ್ನು ಕಾಪಾಡುವವರು ಅನ್ನುವುದು ಅವರ ಬಿರುದು, ಎಲ್ಲ ಜಾತಿಯವರೂ ತಲೆಬಾಗಿ ಹೇಳುವ ಹೆಸರು. ಪಕ್ಕದ ಬೀದರಿನಲ್ಲಿ ಬರೀದ್ ಶಾಹಿ ಗುಮ್ಮಟಗಳಿವೆಯಲ್ವಾ, ಆ ರಾಜಮನೆತನ ಶುರು ಮಾಡಿದ ಖಾಸಿಂ ಬರೀದ್ ಬಹಮನಿ ಸುಲ್ತಾನರಲ್ಲಿ ಗುಲಾಮರಾಗಿದ್ದವರು.

ಪುಟದಲ್ಲಿ ಜಾಗ ಸಾಲುವುದಿಲ್ಲ ಅಂತ ಮಾತ್ರ ಹೇಳಬೇಡಿ. ಜಾಸ್ತಿ ಆಗುವುದು ಒಂದೆರಡು ಅಕ್ಷರ. ಜವಾನರು, ಆಯಾಗಳು, ಬಿಸಿಯೂಟದ ಅಡುಗೆಯವರು, ಕಸ ಗುಡಿಸುವವರು, ಎಲ್ಲರಿಗೂ ಬಹುವಚನ ಹಾಕಿ. ವರದಿಗಾರರು ಹೇಗೇ ಬರೆದು ಕಳಿಸಲಿ, ಡೆಸ್ಕಿನಲ್ಲಿ ತಿದ್ದುವವರಿಗೆ ಒಂದು ಮಾತು ಹೇಳಿಬಿಡಿ.

– ಒಬ್ಬ ಓದುಗ, ಕಲಬುರಗಿ