ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪುಟ್ಟಿ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ನಿಮ್ಮಪ್ಪನ ಮಂಡಿನೋವು, ಡ್ಯೂಟಿ ಬದಲಾದ ಗಲಾಟೆ, ಹೊಸ ಮನೆಯ ಸುದ್ದಿ ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳಿಯಾಗಿದೆ. ಅದಕ್ಕೆಲ್ಲ ಉತ್ತರ ಬರೆಯುತ್ತಾ ಕೂರುವುದಿಲ್ಲ. ಮೂರನೇ ಪುಟದ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, ನನ್ನ ನಿದ್ದೆ ಕೆಡಿಸಿದ್ದು ಅದು. "ಈಗ ಪೇಷಂಟ್ ಒಳಗೆ ಬಂದರೆ ಕಾಯಿಲೆ ಏನು ಅಂತ ಯೋಚಿಸೋಕೆ ಮುಂಚೆ, ಇವರು ಕೇಸ್ ಹಾಕೋ ತರದವರಾ ಅಂತ ಮುಖ ನೋಡ್ತೀನಿ ಅತ್ತೆ." ಪಕ್ಕದಲ್ಲಿ ಒಂದು ನಗುವ ಮುಖ ಬೇರೆ ಬಿಡಿಸಿದ್ದೀಯ.

ನನಗೆ ನಗು ಬರಲಿಲ್ಲ.

ಭಯಪಡಬೇಡ ಅಂತ ಬರೆಯೋಣ ಎಂದು ಕುಳಿತೆ. ಎರಡು ಸಲ ಬರೆದು ಹರಿದು ಹಾಕಿದೆ. ಕ್ಲಿನಿಕ್ಕಿನ ಮೇಜಿನ ಈಚೆ ಮೂವತ್ತಾರು ವರ್ಷ ಕೂತವಳು ನಾನು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ನಿನ್ನದೇ ಭಯವನ್ನು ಡ್ರಾಯರಿನಲ್ಲಿ ಇಟ್ಟುಕೊಂಡೇ ಕೂತಿದ್ದೆ. ಹಾಗಿರುವಾಗ ಯಾವ ಬಾಯಲ್ಲಿ ಹೇಳಲಿ?

ನಾನು ಬೋರ್ಡ್ ಹಾಕಿದಾಗ ಈ ಭಯಕ್ಕೆ ಹೆಸರಿರಲಿಲ್ಲ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದು ಕೆಟ್ಟ ಫ್ಯಾನು, ಬಣ್ಣ ಬಿಟ್ಟ ಸೀರೆಯ ವಿಷಯ ಅಂದುಕೊಂಡಿದ್ದೆವು. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ, ದುಡ್ಡು ತೆಗೆದುಕೊಂಡು ಮಾಡುವ ಚಿಕಿತ್ಸೆಯೂ ಆ ಕಾಯ್ದೆಯ ಲೆಕ್ಕದಲ್ಲಿ ಸೇವೆಯೇ ಎಂದಿತು. ಆ ವಾರ ನಾವು ಡಾಕ್ಟರುಗಳು ಸೇರಿದಾಗ ಹಿರಿಯರೊಬ್ಬರು "ಇನ್ನು ಮೇಲೆ ನಾವೂ ಅಂಗಡಿಯವರೇ" ಅಂದರು. ಎಲ್ಲರೂ ನಕ್ಕರು. ಮನೆಗೆ ಹೋಗುವಾಗ ಯಾರೂ ಮಾತಾಡಲಿಲ್ಲ.

ನಾನು ಹೇಗೆ ಸಮಾಧಾನ ಮಾಡಿಕೊಂಡೆ ಗೊತ್ತಾ? ಬಡವರ ಹತ್ತಿರ ಫೀಸು ತೆಗೆದುಕೊಳ್ಳುತ್ತಿರಲಿಲ್ಲವಲ್ಲ, ಸದ್ಯ, ಅವರಾದರೂ ಕೇಸ್ ಹಾಕುವ ಹಾಗಿಲ್ಲ ಅಂತ. ತೀರ್ಪು ಪೂರ್ತಿ ಓದಿದವರು ಆಮೇಲೆ ತಿದ್ದಿದರು. ಎಲ್ಲರಿಗೂ ಉಚಿತವಾಗಿ ನೋಡುವ ಜಾಗಕ್ಕೆ ಮಾತ್ರ ವಿನಾಯಿತಿಯಂತೆ. ಕೆಲವರ ಹತ್ತಿರ ತೆಗೆದುಕೊಂಡು ಕೆಲವರಿಗೆ ಬಿಟ್ಟರೆ, ಬಿಟ್ಟವರಿಗೂ ಹಕ್ಕಿದೆಯಂತೆ. ಅದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಬೇಜಾರು. ನಾಚಿಕೆ ಬಂದದ್ದು ಎಷ್ಟೋ ವರ್ಷದ ಮೇಲೆ. ದಾನವನ್ನೂ ರಕ್ಷಣೆಗೆ ಇಟ್ಟುಕೊಂಡಿದ್ದೆ ನೋಡು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

1997ರ ಮಳೆಗಾಲ. ರಾತ್ರಿ ಹತ್ತರ ಮೇಲಾಗಿತ್ತು, ಬಾಗಿಲು ಬಡಿದರು. ಒಂದು ಟೆಂಪೋದಲ್ಲಿ ಒಬ್ಬ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು, ಬೆಳೆಗೆ ಹೊಡೆಯುವ ಔಷಧಿ ಕುಡಿದಿದ್ದಳು. ವಾಸನೆಯಲ್ಲೇ ಗೊತ್ತಾಯಿತು. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯ ಹಾಗೆ ಎಲ್ಲಾ ಕಣ್ಣೆದುರಿಗೇ ಇತ್ತು. ಜೊತೆಗೆ ನಾಲ್ಕು ಗಂಡಸರು, ಗಂಡನ ಕಡೆಯವರು. ಒಬ್ಬ ಜೋರು ಮಾಡುತ್ತಿದ್ದ. ನಾನು ಆ ಹುಡುಗಿಯ ಕೈ ಹಿಡಿಯುವ ಮೊದಲು ಅವನ ಮುಖ ನೋಡಿದೆ.

ನಿನ್ನ ಸಾಲು ಓದಿದಾಗ ನನಗೆ ಕಂಡದ್ದು ಆ ಮುಖ.

ಆತ್ಮಹತ್ಯೆಗೆ ಪ್ರಯತ್ನಿಸುವುದು ಆಗ ಅಪರಾಧ, ಐಪಿಸಿ 309. ಅಂದರೆ ಪೊಲೀಸ್, ಹೇಳಿಕೆ, ಸಾಕ್ಷಿ, ನಾಳೆ ಸತ್ತರೆ ವರದಕ್ಷಿಣೆ ಕೇಸು, ಅದರಲ್ಲಿ ನನ್ನ ಹೆಸರು. ಇಷ್ಟೂ ಅರ್ಧ ನಿಮಿಷದಲ್ಲಿ ತಲೆಯಲ್ಲಿ ಓಡಿತು. "ಇದು ಪೊಲೀಸ್ ಕೇಸು, ದೊಡ್ಡಾಸ್ಪತ್ರೆಗೆ ಹೋಗಿ" ಅಂದೆ. ಬೀರುವಿನಲ್ಲಿ ಆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಇತ್ತು ಪುಟ್ಟಿ. ಗಂಟಲಿನ ನೊರೆ ಎಳೆಯುವ ಸಕ್ಷನ್ ಇತ್ತು. ದೊಡ್ಡಾಸ್ಪತ್ರೆಗೆ ಕಳಿಸಿದ್ದು ಸರಿಯೇ, ನನ್ನ ಒಂದು ಕೋಣೆಯಲ್ಲಿ ಅವಳನ್ನು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಆದರೆ ಒಂದು ಪಕ್ಕಕ್ಕೆ ಮಲಗಿಸಿ, ಗಂಟಲು ತೆರವು ಮಾಡಿ, ಮೊದಲ ಡೋಸ್ ಕೊಟ್ಟು ಟೆಂಪೋದಲ್ಲಿ ನಾನೇ ಜೊತೆಗೆ ಹತ್ತಿಕೊಳ್ಳಬಹುದಿತ್ತು. ಕಾನೂನು ಹೇಳಿದ್ದೂ ಅದನ್ನೇ. 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವ ಉಳಿಸುವುದು ಮೊದಲು, ಪೊಲೀಸ್ ಕಾಗದ ಆಮೇಲೆ, ಸರ್ಕಾರಿ ಡಾಕ್ಟರಿಗೂ ಖಾಸಗಿ ಡಾಕ್ಟರಿಗೂ ಇದೇ ನಿಯಮ ಎಂದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ.

ದಾರಿಯಲ್ಲೇ ಹೋಯಿತಂತೆ. ಎರಡು ದಿನ ಬಿಟ್ಟು ನಮ್ಮ ಕಾಂಪೌಂಡರ್ ಹೇಳಿದ.

ಯಾರೂ ನನ್ನ ಮೇಲೆ ಕೇಸ್ ಹಾಕಲಿಲ್ಲ. ಒಂದು ಮಾತೂ ಆಡಲಿಲ್ಲ. ಆ ಜೋರು ಮಾಡಿದವನು ಮುಂದೆ ತನ್ನ ಮಗುವಿಗೆ ಜ್ವರ ಬಂದಾಗ ನನ್ನ ಹತ್ತಿರವೇ ಬಂದ. ನಾನು ಔಷಧಿ ಬರೆದುಕೊಟ್ಟೆ. ಅವನು ನಮಸ್ಕಾರ ಮಾಡಿ ಹೋದ.

ಇದನ್ನು ಬರೆದ ಮೇಲೆ ನಡುವೆ ಎದ್ದು ಒಂದು ಸುತ್ತು ಓಡಾಡಿ ಬಂದೆ. ಕೈಬರಹ ಬದಲಾಗಿದ್ದರೆ ಅದಕ್ಕೇ.

ಆದರೆ ನಿನ್ನ ಭಯ ಬರೀ ಕಲ್ಪನೆ ಅಂತ ನಾನು ಹೇಳುತ್ತಿಲ್ಲ. ನನ್ನ ಮೇಲೂ ಒಮ್ಮೆ ದೂರು ಬಂದಿತ್ತು. ಅದು ನಿನಗೆ ಅರ್ಧ ಗೊತ್ತು. ಎದೆ ಉರಿ ಅಂತ ಬಂದ ಒಬ್ಬರಿಗೆ ಈಗಲೇ ಇಸಿಜಿ ಮಾಡಿಸಿ ಅಂದೆ, ನಾಳೆ ಮಾಡಿಸುತ್ತೇನೆ ಅಂತ ಹೋದರು, ಬೆಳಗಿನ ಜಾವ ತೀರಿಕೊಂಡರು. ಮಗ ಗ್ರಾಹಕ ವೇದಿಕೆಗೆ ಹೋದ. ದೂರು ಕೊಡಲು ಎರಡು ವರ್ಷ ಅವಕಾಶ ಇರುತ್ತದಲ್ಲ, ಎರಡು ವರ್ಷ ತುಂಬಲು ಹನ್ನೊಂದು ದಿನ ಇದ್ದಾಗ ನೋಟಿಸ್ ಬಂತು. ಅಷ್ಟು ಹೊತ್ತಿಗೆ ನಾನು ಅವರ ಮುಖವನ್ನೂ ಮರೆತಿದ್ದೆ. ನನ್ನನ್ನು ಉಳಿಸಿದ್ದು ಕಾರ್ಡಿನ ಮೇಲಿನ ಒಂದೂವರೆ ಸಾಲು: "ಇಸಿಜಿ ಈಗಲೇ ಬೇಕೆಂದು ಹೇಳಿದೆ. ನಾಳೆ ಎಂದರು. ಅಪಾಯ ವಿವರಿಸಿದೆ." ಪಕ್ಕದಲ್ಲಿ ಗಂಟೆ. ಮೂರು ವರ್ಷ ಎಳೆದು ದೂರು ವಜಾ ಆಯಿತು. ಗೆದ್ದೆ ಅಂತ ನಿಮ್ಮಜ್ಜಿ ದೇವರಿಗೆ ಹಣ್ಣುಕಾಯಿ ಮಾಡಿಸಿದರು. ನನಗೆ ಆ ಮಗನ ಬಗ್ಗೆ ಸಿಟ್ಟು ಬರಲೇ ಇಲ್ಲ, ಅದು ಈಗಲೂ ಆಶ್ಚರ್ಯ. ಅಪ್ಪ ಸತ್ತ ದಿನ ನಾನು ಅವನ ಮನೆಗೆ ಹೋಗಿರಲಿಲ್ಲ. ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಅಂತ ಯಾರೋ ಹೇಳಿದ್ದರು. ವೇದಿಕೆಯ ಮೆಟ್ಟಿಲ ಮೇಲೆ ಅವನು ಕೇಳಿದ್ದು ಅದೊಂದೇ: "ಒಂದು ಸಲ ಬರಬಹುದಿತ್ತಲ್ಲ ಮೇಡಂ."

ಹೋಗಿದ್ದರೆ ಕೇಸ್ ಆಗುತ್ತಿರಲಿಲ್ಲ ಅಂತ ಹೇಳಲಾರೆ. ಆದರೂ ಹೋಗಬೇಕಿತ್ತು.

ನೀನು ತಲೆನೋವು ಅಂದವರಿಗೆಲ್ಲ ಸಿಟಿ ಸ್ಕ್ಯಾನ್ ಬರೆಯುತ್ತಿದ್ದೇನೆ ಅಂತಲೂ ಬರೆದಿದ್ದೀಯ. ಅದೂ ಇದೇ ಗಿಡದ ಕೊಂಬೆ. ಯಾರಿಗೆ ಸ್ಕ್ಯಾನ್ ಬೇಕು ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು: ಸಿಡಿಲು ಬಡಿದ ಹಾಗೆ ಶುರುವಾದ ನೋವು, ಕುತ್ತಿಗೆ ಬಿಗಿತ, ಕೈಕಾಲು ಬಲಹೀನ, ಐವತ್ತು ದಾಟಿದ ಮೇಲೆ ಹೊಸದಾಗಿ ಬಂದದ್ದು. ಉಳಿದವರಿಗೆ ಬರೆದ ಸ್ಕ್ಯಾನ್ ಯಾರಿಗೆ ಪುಟ್ಟಿ? ದುಡ್ಡು ಅವರದು, ವಿಕಿರಣ ಅವರಿಗೆ, ನೆಮ್ಮದಿ ನಿನಗೆ. ಆ ನೆಮ್ಮದಿಯೂ ಪೂರ್ತಿ ಸಿಗುವುದಿಲ್ಲ. ಸ್ಕ್ಯಾನಿನಲ್ಲಿ ಏನೋ ಒಂದು ಸಣ್ಣ ಚುಕ್ಕೆ ಕಾಣುತ್ತದೆ, ಅದರ ಹಿಂದೆ ಇನ್ನೊಂದು ಪರೀಕ್ಷೆ, ಮತ್ತೆ ಅದರ ಭಯ. ಕ್ಷಮಿಸು, ಬೈದ ಹಾಗಾಯಿತು. ಅದನ್ನು ನಾನೂ ಮಾಡಿದ್ದೇನೆ. ನಮ್ಮ ಕಾಲದಲ್ಲಿ ಸಿಟಿ ಕೈಗೆ ಸಿಗುತ್ತಿರಲಿಲ್ಲ, ಅದಕ್ಕೆ ನಾವು ಜಾಗ ಬಿಟ್ಟು ಜಾಗಕ್ಕೆ ಪೇಷಂಟನ್ನೇ ಕಳಿಸುತ್ತಿದ್ದೆವು.

ಕೋರ್ಟುಗಳು ಎಲ್ಲಾ ಡಾಕ್ಟರನ್ನೂ ಕಳ್ಳನ ಹಾಗೆ ನೋಡುತ್ತವೆ ಅಂತ ನಿನಗೆ ಅನಿಸಿದ್ದರೆ, ಜೇಕಬ್ ಮ್ಯಾಥ್ಯೂ ತೀರ್ಪನ್ನು ಒಂದು ಸಲ ನೀನೇ ಕೂತು ಓದು. ಸಾರಾಂಶ ಬೇಡ, ಪೂರ್ತಿ ಓದು. 2005ರದು. ಲೂಧಿಯಾನದಲ್ಲಿ ಉಸಿರು ಕಟ್ಟಿದ ಒಬ್ಬ ರೋಗಿಗೆ ತಂದ ಆಕ್ಸಿಜನ್ ಸಿಲಿಂಡರ್ ಖಾಲಿ ಇತ್ತು ಎಂಬ ದೂರಿನಿಂದ ಶುರುವಾದ ಪ್ರಕರಣ ಅದು. ಕ್ರಿಮಿನಲ್ ಕೇಸು ಅನ್ನಬೇಕಾದರೆ ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು ಎಂದಿತು ಕೋರ್ಟು. ಪೊಲೀಸರು ಇನ್ನೊಬ್ಬ ಸಂಬಂಧವಿಲ್ಲದ ಡಾಕ್ಟರ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು, ದೂರು ಬಂದ ಕೂಡಲೇ ಬಂಧಿಸಬಾರದು ಎಂದೂ ಹೇಳಿತು. ಕೇಸಿನ ಭಯದಲ್ಲಿ ಕೈ ನಡುಗುವ ಸರ್ಜನ್ ಆಪರೇಷನ್ ಮಾಡಲಾರ ಎಂಬ ಅರ್ಥದ ಮಾತೂ ಅದರಲ್ಲಿದೆ. ಆ ಜಾಗ ಬಂದಾಗ ನಾನು ಕನ್ನಡಕ ತೆಗೆದು ಇಟ್ಟಿದ್ದೆ. ಎಂಟು ವರ್ಷ ಮೊದಲು ಬರಬಾರದಿತ್ತಾ ಅನಿಸಿತು. ಆಮೇಲೆ ಅದೂ ನೆಪವೇ ಅನಿಸಿತು.

2024ರ ಜುಲೈನಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಸೆಕ್ಷನ್ 106. ನಿರ್ಲಕ್ಷ್ಯದಿಂದ ಸಾವಾದರೆ ಬೇರೆಯವರಿಗೆ ಐದು ವರ್ಷದವರೆಗೆ ಜೈಲು, ನೋಂದಾಯಿತ ಡಾಕ್ಟರಿಗೆ ಚಿಕಿತ್ಸೆ ಮಾಡುವಾಗ ಆದದ್ದಕ್ಕೆ ಎರಡು ವರ್ಷದವರೆಗೆ. ನಿನ್ನ ಜೊತೆಯವರು ಇದನ್ನು ಹೊಸ ಕತ್ತಿ ಅನ್ನುತ್ತಿದ್ದಾರಂತೆ. ಐಪಿಸಿಯ ಹಳೆಯ ಸೆಕ್ಷನ್ 304ಎಯಲ್ಲೂ ಎರಡೇ ವರ್ಷ ಇತ್ತು. ಗ್ರಾಹಕ ಕಾಯ್ದೆ 2019ರಲ್ಲಿ ಹೊಸದಾಗಿ ಬಂದಾಗ ಮಸೂದೆಯಲ್ಲಿದ್ದ ಆರೋಗ್ಯ ಎಂಬ ಮಾತು ಕೈಬಿಟ್ಟರು, ನಾವು ಪಾರಾದೆವು ಅಂತ ಕೆಲವರು ಕುಣಿದಾಡಿದರು. 2022ರಲ್ಲಿ ಸುಪ್ರೀಂ ಕೋರ್ಟು ಹಾಗೇನಿಲ್ಲ, ನೀವೂ ಒಳಗೇ ಇದ್ದೀರಿ ಎಂದಿತು. ಔಷಧಿಯ ಕಂಪನಿ ಹೆಸರು ಬಿಟ್ಟು ಜೆನೆರಿಕ್ ಹೆಸರನ್ನೇ ಬರೆಯಬೇಕು ಅಂತ 2023ರ ಆಗಸ್ಟ್‌ನಲ್ಲಿ ನಿಯಮ ಬಂತು, ಅದೇ ತಿಂಗಳು ತಡೆಹಿಡಿದರು. ಒಂದೊಂದು ಸುತ್ತೋಲೆಗೂ ಎದೆ ಹೊಡೆದುಕೊಂಡರೆ ನಿನ್ನ ಬಿಪಿಗೆ ನಾನೇ ಮಾತ್ರೆ ಬರೆಯಬೇಕಾದೀತು.

ಏನು ಮಾಡಬೇಕು ಅಂತ ಕೇಳಿದ್ದೀಯ. ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಬರೆಯುವುದು, ಅಷ್ಟೇ. ಆಗ ನೋಡಿದ್ದನ್ನು ಆಗಲೇ ಬರೆ, ಗಂಟೆ ಹಾಕು, ಆಮೇಲೆ ತಿದ್ದಬೇಡ. ತಿದ್ದಲೇಬೇಕಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕು, ಕೆಳಗಿನ ಅಕ್ಷರ ಕಾಣಬೇಕು. ಅಡ್ಮಿಟ್ ಆದವರ ದಾಖಲೆ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರಿಂದಲೇ ನಿಯಮವಿದೆ. ಮೂರು ವರ್ಷ ಆಯಿತು ಅಂತ ಎಸೆಯಬೇಡ. ಕೇಳಿದವರಿಗೆ ಮುಖ ಗಂಟಿಕ್ಕದೆ ಕೊಡು, ಕೊಡಲು ಸತಾಯಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಜನ ಅಂದುಕೊಳ್ಳುವುದು ಸಹಜ.

ಒಪ್ಪಿಗೆ ಪತ್ರದ ಬಗ್ಗೆ ನಿನಗೆ ಪಾಠ ಮಾಡಿರುತ್ತಾರೆ. ಸಮೀರಾ ಕೊಹ್ಲಿ ಪ್ರಕರಣ, 2008. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟ ಹೆಂಗಸಿನ ಗರ್ಭಕೋಶವನ್ನು, ಹೊರಗೆ ಕೂತ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಆಕೆಯನ್ನೇ ಕೇಳಬೇಕಿತ್ತು ಎಂದಿತು ಕೋರ್ಟು. ಅದನ್ನು ಓದಿದ ಮೇಲೂ ನಮ್ಮಲ್ಲಿ ಹೆಂಡತಿಯ ಹೊಟ್ಟೆಗೆ ಗಂಡನ ಸಹಿ ಕೇಳುವುದು ನಿಂತಿಲ್ಲ. ಫಾರಂ ತುಂಬಿಸುವ ಮೊದಲು ಎರಡು ನಿಮಿಷ ಅವರ ಭಾಷೆಯಲ್ಲಿ ಹೇಳು. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಆ ಎರಡು ನಿಮಿಷ ಎಲ್ಲಿಂದ ತರಲಿ ಅಂತೀಯ, ಗೊತ್ತು. ನನಗೂ ದಿನಾ ಸಿಗುತ್ತಿರಲಿಲ್ಲ.

ಇನ್ನೊಂದು. ಬಾಗಿಲು ತೆರೆದಾಗ ಮುಖ ನೋಡುವ ಅಭ್ಯಾಸ ಒಂದೇ ಸಲ ಬಿಡಲು ಆಗದು. ನಾನು ಕೊನೆಯ ಹತ್ತು ವರ್ಷ ಒಂದು ಉಪಾಯ ಮಾಡುತ್ತಿದ್ದೆ, ಹೇಳಿದರೆ ನಗಬೇಡ. ಯಾರೇ ಬರಲಿ ಮೊದಲು ಮಣಿಕಟ್ಟು ಹಿಡಿಯುತ್ತಿದ್ದೆ. ನಾಡಿ ಎಣಿಸಲು ಯಂತ್ರ ಇದೆ ನಿಮಗೆಲ್ಲ. ಆದರೆ ಕೈ ಹಿಡಿದು ಎಣಿಸುವಾಗ ಕಣ್ಣು ಗಡಿಯಾರದ ಮೇಲಿರುತ್ತದೆ, ಜೊತೆಗೆ ಬಂದವರ ಮುಖದ ಮೇಲೆ ಇರುವುದಿಲ್ಲ. ನನಗೆ ಅಷ್ಟು ಸಾಕಾಗುತ್ತಿತ್ತು. ನಿನಗೆ ಆಗದಿದ್ದರೆ ಬಿಡು.

ನನ್ನ ಹಳೆಯ ಕಾರ್ಡುಗಳು ಇನ್ನೂ ಅಟ್ಟದ ಟ್ರಂಕಿನಲ್ಲಿವೆ. ನಿನ್ನ ಪತ್ರ ಓದಿದ ಮಾರನೇ ದಿನ ಇಳಿಸಿ 1997ರ ಕಟ್ಟು ಬಿಚ್ಚಿದೆ. ಆ ರಾತ್ರಿಯ ಕಾರ್ಡು ಇಲ್ಲ. ಇರುವುದಾದರೂ ಹೇಗೆ, ನಾನು ಅವಳ ಹೆಸರನ್ನೇ ಕೇಳಿರಲಿಲ್ಲ.

ಇಂಡೆಮ್ನಿಟಿ ಪಾಲಿಸಿ, ಅದೇ ಕೇಸ್ ಬಂದರೆ ನೆರವಾಗುವ ಡಾಕ್ಟರ ವಿಮೆ, ರಿನ್ಯೂ ಮಾಡಿಸಿದ್ದೀಯಾ? ಒಂದು ವರ್ಷ ತಪ್ಪಿದರೆ ಹಿಂದಿನ ವರ್ಷಗಳ ರಕ್ಷಣೆಯೂ ಕೈತಪ್ಪಬಹುದು, ಯಾವಾಗ ತಪ್ಪಾಯಿತು ಅನ್ನುವುದಕ್ಕಿಂತ ಯಾವಾಗ ದೂರು ಬಂತು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ತಾರೀಖು ನೋಡಿ ಭಾನುವಾರ ಫೋನ್ ಮಾಡು. ಈ ಪತ್ರದ ವಿಷಯ ಅಪ್ಪನ ಎದುರಿಗೆ ಬೇಡ.

ನಿನ್ನ ಅತ್ತೆ