ತೋಟದ ಶೂಟಿಂಗ್: ಎಲ್ಲರೂ ಓದಿ

ಗೆಳೆಯರೇ, ಸಿದ್ದಾಪುರದ ಕಡೆ ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಿದ್ದಿದೆ. ಇನ್ನು 8-10 ದಿನದಲ್ಲಿ ಕಾಫಿ ಹೂವು ಅರಳುತ್ತದೆ, ಮೂರ್ನಾಲ್ಕು ದಿನಕ್ಕೆ ಬಾಡಿಬಿಡುತ್ತದೆ. ಅಷ್ಟರೊಳಗೆ ತೋಟದ ದೃಶ್ಯಗಳು ಮುಗಿಯಬೇಕು. ಬ್ಯಾಗ್ ಕಟ್ಟಿಟ್ಟುಕೊಳ್ಳಿ.

ತಿಥಿ ಊಟದ ದೃಶ್ಯದ ಬಗ್ಗೆ ಒಂದು ಮಾತು. ದಯವಿಟ್ಟು ಯಾರೂ ನಗಿಸಲು ಹೋಗಬೇಡಿ. ನಮ್ಮ ಕಥೆಯ ನಾಯಕಿ ಅಪ್ಪನನ್ನು ಕಳೆದುಕೊಂಡ 22ರ ಹುಡುಗಿ. ಎಲ್ಲರೆದುರು ಅಳೋದು ಹೇಗೆ ಅಂತ ಗೊತ್ತಾಗದೆ, ಪಾಯಸ ಬಡಿಸುವಾಗ ನಕ್ಕುಬಿಡುತ್ತಾಳೆ. ಆ ನಗು ನಿಜವಾಗಿದ್ದರೆ ನೋಡುವವರ ಗಂಟಲು ತಾನೇ ಕಟ್ಟುತ್ತದೆ. ನಮ್ಮ ಚಿತ್ರದ ಜೀವ ಅಲ್ಲೇ ಇದೆ ಅಲ್ವಾ? ಸುತ್ತ ಕೂತವರು ಸುಮ್ನೆ ಊಟ ಮಾಡುತ್ತಿರಿ, ಸಾಕು.

ಧ್ವನಿಯನ್ನು ಸ್ಥಳದಲ್ಲೇ ರೆಕಾರ್ಡ್ ಮಾಡುತ್ತೇವೆ, ಹಾಗಾಗಿ ಜನರೇಟರ್ ಇರುವುದಿಲ್ಲ. ಬ್ಯಾಟರಿಗಳನ್ನು ಜಾಸ್ತಿಯೇ ತನ್ನಿ. ಬರಲು ಆಗದವರು ಇವತ್ತು ರಾತ್ರಿಯೊಳಗೆ ತಿಳಿಸಿ.