ತೂಕ ಇಳಿಯಲಿಲ್ಲವೆಂದು ನಡಿಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಮಧುಮೇಹ ಇರುವವರಿಗೆ ವ್ಯಾಯಾಮ ಏಕೆ ಬೇಕು ಎಂದರೆ ಆರೋಗ್ಯ ಪುಟಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ನಡೆದರೆ ಕೊಬ್ಬು ಕರಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಇದನ್ನೇ ಪೂರ್ತಿ ಎಂದು ನಂಬಿದವರು ಮೂರು ತಿಂಗಳು ಶ್ರದ್ಧೆಯಿಂದ ನಡೆದು, ತೂಕದ ಯಂತ್ರದ ಮುಳ್ಳು ಒಂದು ಕಿಲೋ ಕೂಡ ಕೆಳಗಿಳಿಯದಿರುವುದನ್ನು ಕಂಡು, ‘ನನ್ನ ಮೈಗೆ ಇದು ಹಿಡಿಸುವುದಿಲ್ಲ’ ಎಂದು ನಡಿಗೆಯನ್ನೇ ಕೈಬಿಡುವುದನ್ನು ಬಂಧುಗಳಲ್ಲೂ ನೆರೆಹೊರೆಯಲ್ಲೂ ಎಷ್ಟೋ ಸಲ ನೋಡಿದ್ದೇನೆ. ಶರೀರಕ್ರಿಯಾಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ ಇದು ಬಹಳ ನೋವಿನ ಸಂಗತಿ. ಏಕೆಂದರೆ ಅವರು ಬಿಟ್ಟುಕೊಟ್ಟದ್ದು ಯಂತ್ರ ತೋರಿಸಲಾಗದ ಒಂದು ಲಾಭವನ್ನು.

ಕೊಬ್ಬಿನ ಅಂಗಾಂಶ ಎಂಬುದು ಮೈಮೇಲೆ ಹೊತ್ತ ನಿರ್ಜೀವ ಮೂಟೆಯಲ್ಲ. ಸ್ನಾಯು, ಯಕೃತ್ತುಗಳಂತೆ ಅದೂ ಇನ್ಸುಲಿನ್ನಿನ ಮಾತು ಕೇಳಿ ನಡೆಯುವ ಅಂಗ. ಊಟವಾದ ಮೇಲೆ ಮೇದೋಜ್ಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಕೊಬ್ಬಿನ ಕೋಶದ ಹೊರಪೊರೆಯಲ್ಲಿರುವ ಗ್ರಾಹಿಯನ್ನು ಸೇರಿದಾಗ ಆ ಸುದ್ದಿ ಐಆರ್‌ಎಸ್-1 ಎಂಬ ಪ್ರೋಟೀನಿಗೆ, ಅಲ್ಲಿಂದ ಪಿಐ-3 ಕೈನೇಸ್ ಎಂಬ ಕಿಣ್ವಕ್ಕೆ, ಮುಂದೆ ಎಕೆಟಿ ಎಂಬ ಇನ್ನೊಂದು ಕಿಣ್ವಕ್ಕೆ ಕೈಯಿಂದ ಕೈಗೆ ದಾಟಿ ಎರಡು ಕೆಲಸ ಮಾಡಿಸುತ್ತದೆ. ಕೋಶದೊಳಗೆ ಕಾದಿರುವ ಗ್ಲುಟ್-4 ಎಂಬ ವಾಹಕಗಳು ಹೊರಪೊರೆಗೆ ಬಂದು ಗ್ಲೂಕೋಸನ್ನು ಒಳಗೆ ಸೇರಿಸಿಕೊಳ್ಳುವುದು ಒಂದು. ಕೂಡಿಟ್ಟ ಕೊಬ್ಬು ಒಡೆದು ರಕ್ತಕ್ಕೆ ಸೇರುವುದನ್ನು ತಡೆಯುವುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ. ಬೊಜ್ಜು ಬೆಳೆದು ಕೋಶಗಳು ಉಬ್ಬಿದಾಗ ಅಲ್ಲಿ ಉರಿಯೂತ ಹುಟ್ಟುತ್ತದೆ, ಟಿಎನ್‌ಎಫ್-ಆಲ್ಫಾದಂತಹ ವಸ್ತುಗಳು ಐಆರ್‌ಎಸ್-1ರ ಹಂತದಲ್ಲೇ ಸುದ್ದಿಯನ್ನು ತಡೆಯುತ್ತವೆ. ಆಗ ಹೊಟ್ಟೆ ತುಂಬ ಉಂಡ ಮೇಲೂ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರುತ್ತಲೇ ಇರುತ್ತವೆ. ಅವು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ತಂಗಿ ಅಲ್ಲಿಯೂ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತವೆ.

ರಕ್ತದ ಗ್ಲೂಕೋಸಿನಲ್ಲಿ ಕೊಬ್ಬಿನ ಪಾಲಿಗೆ ಹೋಗುವುದು ಸಣ್ಣ ಅಂಶ, ದೊಡ್ಡ ಪಾಲು ಸ್ನಾಯುವಿನದು. ಹಾಗಿರುವಾಗ ಕೊಬ್ಬಿಗೆ ಇಷ್ಟು ಮಹತ್ವ ಏಕೆ ಎಂದು ಯಾರಾದರೂ ಕೇಳಬಹುದು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಕೊಬ್ಬಿನ ಕೋಶಗಳಿಂದ ಮಾತ್ರ ಗ್ಲುಟ್-4 ಅನ್ನು ತೆಗೆದುಹಾಕಲಾಯಿತು. ಸ್ನಾಯುವನ್ನಾಗಲಿ ಯಕೃತ್ತನ್ನಾಗಲಿ ಮುಟ್ಟಿರಲಿಲ್ಲ, ಇಲಿಗಳ ಬೆಳವಣಿಗೆಯೂ ಮೈಯಲ್ಲಿದ್ದ ಕೊಬ್ಬಿನ ಪ್ರಮಾಣವೂ ಸಹಜವಾಗಿಯೇ ಇದ್ದವು. ಆದರೂ ಅವುಗಳ ಸ್ನಾಯು ಮತ್ತು ಯಕೃತ್ತು ಎರಡೂ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಾದವು. ಕೊಬ್ಬು ಎಷ್ಟಿದೆ ಎಂಬುದರಷ್ಟೇ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಮುಖ್ಯ ಎನ್ನಲು ಇದಕ್ಕಿಂತ ಸ್ಪಷ್ಟವಾದ ಆಧಾರ ನನಗೆ ಗೊತ್ತಿಲ್ಲ.

ವ್ಯಾಯಾಮ ಕೈಹಾಕುವುದು ಈ ನಡವಳಿಕೆಗೇ. ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ಅದರ ಗ್ಲುಟ್-4 ಹೊರಪೊರೆಗೆ ಬರುತ್ತದೆ. ಆ ಪರಿಣಾಮ ಅಂದೇ ಕಾಣುತ್ತದೆ, ಒಂದೆರಡು ದಿನದಲ್ಲಿ ಕರಗಿಯೂ ಹೋಗುತ್ತದೆ. ಕೊಬ್ಬಿನ ಕೋಶಕ್ಕೆ ಸಂಕೋಚನವಿಲ್ಲ, ಆದ್ದರಿಂದ ಅಲ್ಲಿ ಕೆಲಸ ನಿಧಾನ. ನಡೆಯುವ ಹೊತ್ತಿನಲ್ಲಿ ಅಡ್ರಿನಲಿನ್ ಏರಿ, ಇನ್ಸುಲಿನ್ ತಗ್ಗಿ, ಕೋಶ ತನ್ನ ದಾಸ್ತಾನನ್ನು ಸ್ನಾಯುವಿನ ಖರ್ಚಿಗೆ ಬಿಟ್ಟುಕೊಡುತ್ತದೆ. ಇದು ವಾರಗಟ್ಟಲೆ ಮರುಕಳಿಸಿದಾಗ ಕೋಶದಲ್ಲಿ ಗ್ಲುಟ್-4 ಹೆಚ್ಚುತ್ತದೆ. ಎರಡನೆಯ ಬಗೆಯ ಮಧುಮೇಹ ಇರುವವರ ಕೊಬ್ಬಿನಲ್ಲಿಯೂ ಕೆಲವೇ ವಾರಗಳ ತರಬೇತಿಯ ನಂತರ ಈ ಹೆಚ್ಚಳ ಕಂಡುಬಂದಿದೆ. 2015ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದ ಸಂಶೋಧಕರು ಚಕ್ರದಲ್ಲಿ ಓಡಿ ಪಳಗಿದ ಇಲಿಗಳ ಚರ್ಮದಡಿಯ ಕೊಬ್ಬನ್ನು ಓಡದೆ ಕುಳಿತಿದ್ದ ಇಲಿಗಳಿಗೆ ಕಸಿ ಮಾಡಿದಾಗ, ಕುಳಿತಿದ್ದ ಇಲಿಗಳ ಗ್ಲೂಕೋಸ್ ನಿಭಾಯಿಸುವ ಶಕ್ತಿ ಸುಧಾರಿಸಿತು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಬಾರದು ಎಂಬ ಎಚ್ಚರಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಆದರೂ ವ್ಯಾಯಾಮದಿಂದ ಕೊಬ್ಬು ಕಡಿಮೆಯಾಗುವುದಷ್ಟೇ ಅಲ್ಲ, ಅದರ ಗುಣವೇ ಬದಲಾಗಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹವನ್ನೇ ಉದಾಹರಣೆಯಾಗಿ ಮುಂದಿಟ್ಟರು: ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಕೂಡ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೆಳ್ಳಗೆ ಕಾಣುವವರಿಗೆ ‘ತೂಕ ಇಳಿಸಿ’ ಎಂಬ ಸಲಹೆ ಅರ್ಥವಾಗುವುದಾದರೂ ಹೇಗೆ? ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಓದುಗರೆಲ್ಲರೂ ತಿಳಿದಿರಬೇಕು. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರ ಪೈಕಿ ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳಲ್ಲಿ ಶೇ 55ರಷ್ಟು ಮಂದಿ ಮಧುಮೇಹಕ್ಕೆ ತುತ್ತಾದರೆ, ನಡಿಗೆ ಮತ್ತು ಆಹಾರ ಕ್ರಮ ಪಾಲಿಸಿದ ಗುಂಪಿನಲ್ಲಿ ಆ ಪ್ರಮಾಣ ಶೇ 39.3. ಆ ಗುಂಪಿನ ಸರಾಸರಿ ತೂಕ ಗಮನಾರ್ಹವಾಗಿ ಇಳಿದೇ ಇರಲಿಲ್ಲ. ಇದರಲ್ಲಿ ಆಹಾರದ ಪಾಲೂ ಇದೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ, ತೂಕವೊಂದನ್ನೇ ನೋಡಿ ಫಲ ಸಿಗಲಿಲ್ಲವೆಂದು ತೀರ್ಮಾನಿಸಿದ್ದರೆ ಅವರೆಲ್ಲರೂ ಮೋಸಹೋಗುತ್ತಿದ್ದರು.

ಆದ್ದರಿಂದ ತಮ್ಮ ಪತ್ರಿಕೆ ಆರೋಗ್ಯ ಬರಹಗಳಲ್ಲಿ ಎಷ್ಟು ಕಿಲೋ ಇಳಿಯಿತು ಎಂಬುದರ ಜತೆಗೆ ಸೊಂಟದ ಸುತ್ತಳತೆಯನ್ನೂ (ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರದಂತೆ), ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಪ್ರಸ್ತಾಪಿಸಬೇಕೆಂದು ವಿನಂತಿಸುತ್ತೇನೆ. ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆಯನ್ನು ಭಾನುವಾರವೊಂದರಲ್ಲೇ ಮುಗಿಸದೆ, ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೀಳದಂತೆ ಹಂಚಿಕೊಳ್ಳಬೇಕು ಎಂಬುದನ್ನೂ ಬಿಡಿಸಿ ಹೇಳಿದರೆ ಒಳ್ಳೆಯದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್‌ನಂತಹ ಮಾತ್ರೆ ಸೇವಿಸುವವರು ನಡಿಗೆ ಹೆಚ್ಚಿಸುವ ಮೊದಲು ವೈದ್ಯರಲ್ಲಿ ಔಷಧದ ಪ್ರಮಾಣವನ್ನು ಕೇಳಿಕೊಳ್ಳಬೇಕು, ರಕ್ತದ ಸಕ್ಕರೆ ತೀರಾ ಇಳಿದುಹೋಗುವ ಸಂಭವ ಇರುವುದರಿಂದ ಹೊರಡುವಾಗ ಕಿಸೆಯಲ್ಲಿ ಒಂದಿಷ್ಟು ಸಕ್ಕರೆಯನ್ನೋ ಗ್ಲೂಕೋಸನ್ನೋ ಇಟ್ಟುಕೊಂಡಿರಬೇಕು.

– ನಿವೃತ್ತ ಅಧ್ಯಾಪಕ, ಮೈಸೂರು